ಬಂದು ಅಳೆದವರು, ಕರೆದು ಅಲೆಸಿದವರು

ನಾನು ಬ್ಲೌಸ್ ಹೊಲಿಯುವವಳು. ಮನೆಯ ಪಡಸಾಲೆಯೇ ಅಂಗಡಿ: ಒಂದು ಮಿಷನ್, ಒಂದು ಇಸ್ತ್ರಿ ಪೆಟ್ಟಿಗೆ, ಮೊಳೆಗೆ ನೇತುಹಾಕಿದ ಟೇಪು. ಹೊಲಿಸಿಕೊಂಡವರು ಕಂಕುಳ ಬಿಗಿಯಾಯಿತು, ಕತ್ತು ಅಗಲವಾಯಿತು ಎಂದು ನನ್ನ ಮುಖಕ್ಕೇ ಹೇಳಿ ಹೋಗುತ್ತಾರೆ. ನನಗೆ ಸಿಗುವ ಈ ಮಾತು ಸರ್ಕಾರಿ ಸೇವೆ ಕೊಡುವವರಿಗೆ ಸಿಗುವುದಿಲ್ಲ. ಕೆಲಸವಾದರೆ ಕೈ ಮುಗಿದು ಬರುತ್ತೇವೆ, ಆಗದಿದ್ದರೆ ಬೈದುಕೊಂಡು ಬರುತ್ತೇವೆ. ಹೊಲಿಗೆ ಬಿಟ್ಟದ್ದು ಎಲ್ಲಿ ಎಂದು ಬಿಡಿಸಿ ಹೇಳುವುದಿಲ್ಲ. ಕಳೆದ ಹದಿನಾಲ್ಕು ತಿಂಗಳಲ್ಲಿ ನಮ್ಮದೊಂದೇ ಮನೆ ತಟ್ಟಿದ ಬಾಗಿಲುಗಳನ್ನು ಎಣಿಸಿದರೆ, ಹಾಗೆ ಬಿಡಿಸಿ ಹೇಳುವ ಹಕ್ಕು ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಊರಿನ ಹೆಸರು, ತಾಲ್ಲೂಕಿನ ಹೆಸರು ಬರೆಯುವುದಿಲ್ಲ. ಬಯಲುಸೀಮೆ ಎಂದರೆ ಸಾಕು. ಕಡಲೆಕಾಯಿ, ಹುಣಸೆ, ಮಳೆ ಬಂದರೆ ರಾಗಿ. ಹೆಸರು ಬರೆದರೆ ನಾಳೆ ಅದೇ ಕೌಂಟರಿನ ಮುಂದೆ ನಿಲ್ಲಬೇಕಾದವಳು ನಾನೇ. ಮನೆಯಲ್ಲಿ ಅತ್ತೆ ಇದ್ದಾರೆ, ಎಪ್ಪತ್ತನಾಲ್ಕು ದಾಟಿದವರು. ಮೈದುನನಿಗೆ ಮೂವತ್ತೈದು ವರ್ಷ. ಮೀಸೆ ನೆರೆಯತೊಡಗಿದೆ, ಬುದ್ಧಿ ಮಾತ್ರ ಏಳೆಂಟು ವರ್ಷದ ಹುಡುಗನದು. ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆ ಆರೇಳು ದಿನ ಮನೆಯಲ್ಲಿರುತ್ತಾರೆ. ಎರಡನೆಯ ಹೆರಿಗೆಗೆಂದು ಮಗಳು ಏಳನೆಯ ತಿಂಗಳಲ್ಲಿ ಬಂದಳು, ಎರಡು ವರ್ಷದ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಅಲ್ಲಿಂದ ಶುರು.

ಒಬ್ಬೊಬ್ಬರಿಗೂ ಅಂಕ ಕೊಡುತ್ತಾ ಹೋಗುತ್ತೇನೆ. ಮೊದಲು ಆಶಾ ಕಾರ್ಯಕರ್ತೆ. ಹತ್ತಕ್ಕೆ ಹತ್ತು.

ಮಗಳು ಬಂದ ಮೂರನೆಯ ದಿನ, ಯಾರು ಹೇಳಿದರೋ ಏನೋ, ನಾನು ಕಾಜಾ ಹಾಕುತ್ತಾ ಕುಳಿತಿದ್ದಾಗ ಬಾಗಿಲಲ್ಲಿ ಗುಲಾಬಿ ಸೀರೆ ಕಂಡಿತು. ‘ಅಕ್ಕಾ, ಮಗಳು ಬಂದಿದ್ದಾಳಂತೆ, ತಾಯಿ ಕಾರ್ಡ್ ತೋರಿಸಿ’ ಎಂದಳು. ಕಾರ್ಡು ಗಂಡನ ಊರಿನಲ್ಲಿ ಮಾಡಿಸಿದ್ದು. ಅದರ ನಂಬರನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು. ಗುರುವಾರ ಲಸಿಕೆಯ ದಿನ ಬಂದು ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದು ಹೇಳಿ ಹೋದವಳು ಗುರುವಾರ ತಾನೇ ಬಂದು ಕರೆದುಕೊಂಡು ಹೋದಳು. ಹೆರಿಗೆ ನೋವು ಕಾಣಿಸಿಕೊಂಡ ರಾತ್ರಿ 108ಕ್ಕೆ ಕರೆ ಮಾಡಿದ್ದು ನಾನು. ಗಾಡಿಯ ಚಾಲಕನಿಗೆ ನಮ್ಮ ಮನೆಯ ದಾರಿ ಹೇಳಿದ್ದು ಅವಳು, ಕೆರೆ ಏರಿಯ ತಿರುವಿನಲ್ಲಿ ಟಾರ್ಚ್ ಹಿಡಿದು ನಿಂತು.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಆರು ಸಲ ಮನೆಗೆ ಬರಬೇಕು: 3, 7, 14, 21, 28, 42ನೆಯ ದಿನ. ಅದು ನಿಯಮ. ನಿಯಮ ಇದೆ ಎಂದು ನನಗೆ ಗೊತ್ತಾದದ್ದೇ ಅವಳು ಬಂದದ್ದರಿಂದ. ಮೊದಲು ಸೋಪು ಕೇಳಿ ಮೊಣಕೈವರೆಗೆ ಕೈ ತೊಳೆಯುತ್ತಿದ್ದಳು. ಆಮೇಲೆ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಜೋಲಿಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಒಂದು ಕ್ಷಣ ಉಸಿರು ಹಿಡಿದು ಮೇಲೆತ್ತುತ್ತಿದ್ದಳು. ಮುಳ್ಳು ನಿಲ್ಲುವವರೆಗೆ ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ, ಮೈದುನನೂ. ಹದಿನಾಲ್ಕನೆಯ ದಿನ ತೂಕ ಹುಟ್ಟಿದಾಗಿನ ಮಟ್ಟಕ್ಕೇ ಬಂದಿರಲಿಲ್ಲ. ‘ಹಾಲು ಕುಡಿಸು, ನೋಡುತ್ತೇನೆ’ ಎಂದು ಮಗಳ ಪಕ್ಕ ಕುಳಿತಳು. ಮಗು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಗಲ್ಲ ಒತ್ತಿಕೊಳ್ಳುವಂತೆ ಹಿಡಿಸಿದಳು. ಅರ್ಧ ಗಂಟೆ ಹಾಗೇ ಕೂತಿದ್ದಳು. ನಾನು ಇಬ್ಬರನ್ನು ಹೆತ್ತವಳು, ನನಗೂ ಅದು ಹೊಳೆದಿರಲಿಲ್ಲ.

ಇನ್ನೊಂದು ಯುದ್ಧ ಅತ್ತೆಯೊಂದಿಗೆ. ಬಾಣಂತಿಗೆ ಹೆಚ್ಚು ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಎಂಬುದು ಅತ್ತೆಯ ಶಾಸ್ತ್ರ. ನಾನು ಹೇಳಿದ್ದರೆ ಆ ವಾರ ಮನೆಯಲ್ಲಿ ಒಲೆಯಷ್ಟೇ ಉರಿಯುತ್ತಿರಲಿಲ್ಲ. ಆಶಾ ಅತ್ತೆಯ ಕಾಲ ಬಳಿ ಕುಳಿತು, ‘ದೊಡ್ಡಮ್ಮ, ಬಾವಿಯಲ್ಲಿ ನೀರಿಲ್ಲದೆ ತೋಟಕ್ಕೆ ಎಲ್ಲಿಂದ ಬಿಡುತ್ತೀರಿ?’ ಎಂದು ಕೇಳಿದಳು. ಅತ್ತೆ ಉತ್ತರ ಕೊಡಲಿಲ್ಲ. ಸಂಜೆ ತಾವೇ ಚೊಂಬು ತುಂಬಿ ಮಗಳ ಹಾಸಿಗೆಯ ಪಕ್ಕ ಇಟ್ಟರು, ಜೀರಿಗೆ ಹಾಕಿ ಕಾಯಿಸಿದ ನೀರು ಎಂಬ ಷರತ್ತಿನೊಂದಿಗೆ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕುಳಿತದ್ದನ್ನು ಟಿವಿಯಲ್ಲಿ ನೋಡಿದ್ದೆ. ಚಳಿಯಲ್ಲಿ ರಸ್ತೆಯ ಮೇಲೆ ಮಲಗಿದ್ದರು. ಆಗ ನೋಡಿ ಚಾನೆಲ್ ಬದಲಿಸಿದವಳು ನಾನು. ಈಗ ಬದಲಿಸುವುದಿಲ್ಲ.

ಅಂಗನವಾಡಿಯದು ಬೇರೆ ಕಥೆ. ಅಲ್ಲಿ ಟೀಚರಿಗೆ ಕೊಡುವ ಅಂಕ ಬೇರೆ, ಅವರ ಕೈಗೆ ಕೊಟ್ಟಿರುವ ಮೊಬೈಲಿಗೆ ಕೊಡುವ ಅಂಕ ಬೇರೆ.

ಅಂಗನವಾಡಿಗಳನ್ನು ನಡೆಸುವ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು 33 ಕಡೆ ಶುರುವಾಯಿತಂತೆ. ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದದ್ದು ತಿರುಮಕೂಡಲು ನರಸೀಪುರದಲ್ಲಿ. ನಮ್ಮೂರಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಈಗಿನ ಕಟ್ಟಡಕ್ಕೆ ಹೆಂಚಿಲ್ಲ, ತಾರಸಿ ಇದೆ. ಮಳೆ ಬಂದರೆ ಮೂಲೆಯಲ್ಲಿ ಬಕೆಟ್ ಇಡುತ್ತಾರೆ. ಆದರೂ ಒಳಗೆ ಹೋದರೆ ಅನ್ನ, ಸಾಂಬಾರಿನ ವಾಸನೆ, ಹಾಲಿನ ಪುಡಿ ಕಲಸಿದ ವಾಸನೆ. ಮಕ್ಕಳು ಸಾಲಾಗಿ ಕುಳಿತು ಲೋಟ ಎತ್ತುವುದನ್ನು ನೋಡಿದರೆ ಬಕೆಟ್ ಮರೆತುಹೋಗುತ್ತದೆ.

ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ ಟೀಚರ್ ಒಂದು ಪಟ್ಟಿ ತೆಗೆದರು. ಟೇಪು ನೋಡಿದರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ನನ್ನ ಟೇಪಿನಂತೆ ಉದ್ದವಿಲ್ಲ, ಗೇಣಿಗಿಂತ ಸ್ವಲ್ಪ ಹೆಚ್ಚು. ಮೊದಲು ಕೆಂಪು, ನಡುವೆ ಸಣ್ಣ ಹಳದಿ ತುಂಡು, ಆಮೇಲೆ ಹಸಿರು. ಒಂದು ತುದಿಯಲ್ಲಿ ಸೀಳು ಇದೆ, ಇನ್ನೊಂದು ತುದಿಯನ್ನು ಅದರಲ್ಲಿ ತೂರಿಸಿ ಎಳೆದರೆ ಕಿಟಕಿಯಲ್ಲಿ ಅಂಕಿ ಕಾಣಿಸುತ್ತದೆ. 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಲ್ಲಿಂದ 12.5ರವರೆಗೆ ಹಳದಿ, ಮೇಲೆ ಹಸಿರು. ಇಡೀ ಹಳದಿಯ ಅಗಲ ಒಂದೇ ಒಂದು ಸೆಂಟಿಮೀಟರು. ನಾನು ಹೊಲಿಗೆಯ ಒಳಗೆ ಬಿಡುವ ಬಟ್ಟೆ ಅದಕ್ಕಿಂತ ಹೆಚ್ಚು.

‘ನಾನೇ ಅಳೆಯಲಾ ಟೀಚರ್?’ ಎಂದೆ. ಬ್ಲೌಸಿನ ತೋಳಿನ ಸುತ್ತಳತೆ ದಿನಕ್ಕೆ ನಾಲ್ಕು ಸಲ ತೆಗೆಯುವವಳಲ್ಲವೇ, ಸೊಕ್ಕು. ಅಳೆದೆ: 12.7, ಹಸಿರು. ಟೀಚರ್ ನಕ್ಕು, ಪಟ್ಟಿ ಬಿಚ್ಚಿ, ಅಂಗಿಯ ತೋಳನ್ನು ಮೇಲೆ ಸರಿಸಿದರು. ಎಡಗೈ ಮಡಿಸಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗೆ ಅಳೆದು, ಸರಿಯಾಗಿ ನಡುವೆ ಪೆನ್ನಿನಿಂದ ಒಂದು ಚುಕ್ಕಿ ಇಟ್ಟರು. ಕೈಯನ್ನು ಸಡಿಲ ಬಿಡಿಸಿ ಅದೇ ಚುಕ್ಕಿಯ ಮೇಲೆ ಸುತ್ತಿದರು. ಚರ್ಮ ಮಡಿಕೆ ಬೀಳಬಾರದು, ಸಂದು ಕಾಣಲೂಬಾರದು. 12.3. ಹಳದಿ.

ನಾನು ತೆಗೆದದ್ದು ಗಿರಾಕಿಯ ಅಳತೆ, ತೊಟ್ಟವರಿಗೆ ಆರಾಮವಾಗಲಿ ಎಂದು ಒಂದಿಷ್ಟು ಸಡಿಲ. ಅವರು ತೆಗೆದದ್ದು ಮಗುವಿನ ಅಳತೆ. ಆ ನಾಲ್ಕು ಮಿಲಿಮೀಟರಿನ ಸುದ್ದಿ ಕೇಳಿ ಮಗಳು ಅತ್ತಳು. ಟೀಚರ್ ಗದರಿಸಲಿಲ್ಲ, ಏನು ತಿನ್ನುತ್ತಾನೆ ಎಂದು ಕೇಳಿದರು. ಟೀಗೆ ಅದ್ದಿದ ಬಿಸ್ಕೆಟ್ಟೇ ಅವನ ಅರ್ಧ ಊಟ ಎಂಬುದು ಹೊರಗೆ ಬಂತು. ಬಿಸ್ಕೆಟ್ ನಿಂತಿತು, ರಾಗಿ ಅಂಬಲಿಗೆ ಕಡಲೆಬೀಜದ ಪುಡಿ ಬಿತ್ತು. ಎರಡು ತಿಂಗಳ ನಂತರ 12.9. ಈ ಸಲ ನಾನು ಅಳೆಯಲು ಹೋಗಲಿಲ್ಲ.

ಮೊಬೈಲಿನ ವಿಷಯಕ್ಕೆ ಬರುತ್ತೇನೆ. ಮಗಳ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿ ನೋಂದಣಿಯಾಗಿತ್ತು. ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿನಲ್ಲಿ ಅಲ್ಲಿಯವರು ಬಿಡದೆ ಇಲ್ಲಿಯವರು ಸೇರಿಸಿಕೊಳ್ಳುವಂತಿಲ್ಲ ಎಂದರು. ಅಲ್ಲಿ ಬಿಟ್ಟ ಮೇಲೆ ಆಧಾರ್ ಪರಿಶೀಲನೆಯ ಒಟಿಪಿ ಅಳಿಯನ ಮೊಬೈಲಿಗೆ ಹೋಯಿತು. ಅವನು ಕೆಲಸದಲ್ಲಿ, ಫೋನು ಲಾಕರಿನಲ್ಲಿ. ಅದೂ ಆದ ಮೇಲೆ ಮುಖ ತೋರಿಸಬೇಕು. ಎಂಟು ತಿಂಗಳ ಗರ್ಭಿಣಿ, ಊದಿದ ಮುಖ. ಆಧಾರಿನ ಫೋಟೊ ತೆಗೆಸಿದ್ದು ಹೈಸ್ಕೂಲಿನಲ್ಲಿ, ಎರಡು ಜಡೆ. ಯಂತ್ರ ಒಪ್ಪಲಿಲ್ಲ. ಟೀಚರ್ ಅವಳನ್ನು ಬಿಸಿಲಿಗೆ ನಿಲ್ಲಿಸಿದರು, ನೆರಳಿಗೆ ನಿಲ್ಲಿಸಿದರು, ಗೋಡೆಗೆ ಬಿಳಿ ಪಂಚೆ ಹಿಡಿಸಿದರು. ಆರನೆಯ ಸಲಕ್ಕೆ ಹಸಿರು ಗುರುತು ಬಂತು. ಅಷ್ಟರಲ್ಲಿ ಹದಿನೆಂಟು ದಿನ ಕಳೆದಿತ್ತು. ಆ ಹದಿನೆಂಟೂ ದಿನ ಟೀಚರ್ ಅವಳನ್ನು ಮಧ್ಯಾಹ್ನ ಊಟಕ್ಕೆ ಕರೆಯುವುದನ್ನು ನಿಲ್ಲಿಸಲಿಲ್ಲ. ಮಾತೃಪೂರ್ಣದ ಊಟ ಅದು, 2017ರಿಂದ ಇದೆ; ಗರ್ಭಿಣಿ, ಬಾಣಂತಿಯರು ಅಂಗನವಾಡಿಗೇ ಬಂದು ಉಣ್ಣಬೇಕು. ಯಾವ ಲೆಕ್ಕದಲ್ಲಿ ಬಡಿಸಿದಿರಿ ಎಂದು ಕೇಳಿದೆ. ‘ಊಟಕ್ಕೆ ಲೆಕ್ಕ ಕೇಳಬೇಡಿ, ಸಾಂಬಾರಿಗೆ ಉಪ್ಪು ಸರಿಯಾಗಿದೆಯೇ ಹೇಳಿ’ ಎಂದರು. ಉಪ್ಪು ಸ್ವಲ್ಪ ಮುಂದಾಗಿತ್ತು, ಹೇಳಲಿಲ್ಲ.

ಊಟಕ್ಕೆ ಹೋಗಲು ಮಗಳಿಗೆ ಮೊದಲು ನಾಚಿಕೆ. ಮನೆಯಲ್ಲಿ ಅನ್ನವಿಲ್ಲವೇ ಎಂದು ಓಣಿಯವರು ಕೇಳುತ್ತಾರೆ ಎಂಬ ಹೆದರಿಕೆ. ಒಬ್ಬಿಬ್ಬರು ಕೇಳಿದರು ಕೂಡ. ಡಬ್ಬಿಯಲ್ಲಿ ಮನೆಗೆ ಕೊಟ್ಟರೆ ಬಾಣಂತಿಯ ಊಟವನ್ನು ಮನೆಮಂದಿ ಹಂಚಿಕೊಂಡುಬಿಡುತ್ತಾರೆ ಎಂಬುದು ಟೀಚರ ವಾದ. ಹೆತ್ತು ಹತ್ತು ದಿನವಾದವಳು ಬಿಸಿಲಲ್ಲಿ ನಡೆದು ಬರಲಿ ಎಂಬುದು ಯಾವ ವಾದ ಎಂಬುದು ನನ್ನ ಪ್ರಶ್ನೆ. ಇಬ್ಬರದ್ದೂ ಸರಿ, ಅದೇ ತೊಂದರೆ.

ಇನ್ನು ಅತ್ತೆಯ ಪಿಂಚಣಿ. ಸಂಧ್ಯಾ ಸುರಕ್ಷಾ, ತಿಂಗಳಿಗೆ 1,200 ರೂಪಾಯಿ. ಹೆಚ್ಚೇನಲ್ಲ ಎನ್ನುವವರು ಎಪ್ಪತ್ತನಾಲ್ಕರ ಹೆಂಗಸು ತನ್ನದೇ ದುಡ್ಡಿನಲ್ಲಿ ಎಲೆ ಅಡಿಕೆ ತರಿಸಿಕೊಳ್ಳುವಾಗಿನ ಮುಖ ನೋಡಿಲ್ಲ. ಆ ದುಡ್ಡು ಅಂಚೆ ಕಚೇರಿಯ ಖಾತೆಗೆ ಬರುತ್ತಿತ್ತು. ಒಂದು ತಿಂಗಳು ಬರಲಿಲ್ಲ. ಎರಡು, ಮೂರು, ನಾಲ್ಕು ತಿಂಗಳೂ ಬರಲಿಲ್ಲ.

ನಾಡಕಚೇರಿಗೆ ಹೋದೆ. ಹೋಬಳಿ ಒಂಬತ್ತು ಕಿಲೋಮೀಟರು, ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಶಕ್ತಿ ಯೋಜನೆಯ ಪುಣ್ಯ. ಆದರೆ ಆ ದಿನದ ಎರಡು ಬ್ಲೌಸ್ ಹೋದವು. ಕೌಂಟರಿನಲ್ಲಿದ್ದವರು ಆಧಾರ್ ನೋಡಿದರು, ಪಿಂಚಣಿ ಆದೇಶ ನೋಡಿದರು. ‘ಇದರಲ್ಲಿ ಹೆಸರಿನ ಕೊನೆಗೆ ಅಕ್ಕ ಎಂದಿದೆ, ಅದರಲ್ಲಿ ಅಮ್ಮ ಎಂದಿದೆ. ಬೇರೆ ಬೇರೆ ಆಗುತ್ತದೆ, ತಿದ್ದಿಸಿಕೊಂಡು ಬನ್ನಿ’ ಎಂದರು. ನಮ್ಮ ಸೀಮೆಯಲ್ಲಿ ಹೆಂಗಸು ಮದುವೆಯಾಗಿ ಬಂದಾಗ ಅಕ್ಕ, ಮೊಮ್ಮಕ್ಕಳಾದಾಗ ಅಮ್ಮ. ಇದನ್ನು ಯಾವ ಕಾಲಮ್ಮಿನಲ್ಲಿ ತುಂಬುವುದು?

ಮತ್ತೆ ಹೋದೆ. ಅರ್ಜಿ ಕೊಟ್ಟೆ, ರಸೀದಿ ಕೇಳಿದೆ. ಸರ್ವರ್ ಇಲ್ಲ, ಇಟ್ಟು ಹೋಗಿ, ಆಮೇಲೆ ಹಾಕುತ್ತೇವೆ ಎಂದರು. ಇಲ್ಲಿಯೇ ಓದುವವರು ಸ್ವಲ್ಪ ನಿಲ್ಲಿ. ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಅರ್ಜಿಗೆ ದಿನ ನಿಗದಿ, ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಆದರೆ ದಿನ ಎಣಿಸಲು ಶುರುವಾಗುವುದು ರಸೀದಿಯಲ್ಲಿ ಸಂಖ್ಯೆ ಬಿದ್ದ ಮೇಲೆ. ರಸೀದಿ ಕೊಡದ ಅರ್ಜಿ ಯಾವತ್ತೂ ತಡವಾಗುವುದಿಲ್ಲ. ನಾನು ಇದನ್ನು ಕಲಿತದ್ದು ಮೂರನೆಯ ಭೇಟಿಗೆ. ಆ ದಿನ ರಸೀದಿ ಬರುವವರೆಗೆ ಹೋಗುವುದಿಲ್ಲ ಎಂದು ಬೆಂಚಿನ ಮೇಲೆ ಕುಳಿತು, ಚೀಲದಿಂದ ಸೀರೆ ತೆಗೆದು ಫಾಲ್ ಹಾಕತೊಡಗಿದೆ. ಅರ್ಧ ಸೀರೆ ಮುಗಿಯುವಷ್ಟರಲ್ಲಿ ಸರ್ವರ್ ಬಂತು.

ಆದರೆ ನಿಜವಾದ ಗಂಟು ಬಿಡಿಸಿದ್ದು ಆ ಕಚೇರಿಯಲ್ಲ, ಗ್ರಾಮ ಒನ್ ಕೇಂದ್ರದ ಹುಡುಗ. ನಮ್ಮ ಪಕ್ಕದ ಊರಿನಲ್ಲಿದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಅಂದರೆ ಕೆಲಸ ಮುಗಿಸಿ ಹೋಗಬಹುದು, ಇದೊಂದೇ ಕಾರಣಕ್ಕೆ ಎರಡು ಅಂಕ ಹೆಚ್ಚು. ಅವನು ಅತ್ತೆಯ ಆಧಾರ್ ಸಂಖ್ಯೆ ಹಾಕಿ ಏನೋ ನೋಡಿ, ‘ಆಂಟಿ, ಪಿಂಚಣಿ ನಿಂತಿಲ್ಲ. ಬೇರೆ ಕಡೆ ಹೋಗುತ್ತಿದೆ’ ಎಂದ. 2023ರಲ್ಲಿ ಗೃಹಲಕ್ಷ್ಮಿ ಬಂದಾಗ, ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯೇ ಆದ್ದರಿಂದ, ಅವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಆಧಾರ್ ಜೋಡಿಸಿದ್ದೆವು. ಆಧಾರ್ ಮೂಲಕ ಕಳಿಸುವ ಹಣ ಖಾತೆಯ ಸಂಖ್ಯೆಯನ್ನು ನೋಡುವುದಿಲ್ಲ, ಆಧಾರಿಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕು ಯಾವುದೋ ಅಲ್ಲಿಗೆ ಹೋಗಿಬಿಡುತ್ತದೆ. ಈ ನಾಲ್ಕು ತಿಂಗಳಿಂದ ಪಿಂಚಣಿಯೂ ಆ ದಾರಿ ಹಿಡಿದಿತ್ತು. ನಾವು ಅಂಚೆ ಕಚೇರಿಯ ಬಾಗಿಲು ಕಾಯುತ್ತಿದ್ದೆವು, 4,800 ರೂಪಾಯಿ ತಣ್ಣಗೆ ಬ್ಯಾಂಕಿಗೆ ಹೋಗಿ ಬಿದ್ದಿತ್ತು. ನಡುವೆ ಒಮ್ಮೆ ಎರಡು ಸಾವಿರ ತೆಗೆದು, ಬಾಕಿ ಇದ್ದ ಗೃಹಲಕ್ಷ್ಮಿ ಕಂತು ಬಂತು ಎಂದು ಸಂತೋಷವನ್ನೂ ಪಟ್ಟಿದ್ದೆವು.

ಆ ಹುಡುಗ ತೆಗೆದುಕೊಂಡ ಸಮಯ ಐದು ನಿಮಿಷ. ಅದಕ್ಕೆ ದರಪಟ್ಟಿಯಲ್ಲಿ ಶುಲ್ಕವೇ ಇಲ್ಲ ಎಂದು ದುಡ್ಡನ್ನೂ ಮುಟ್ಟಲಿಲ್ಲ. ಹೆಸರಿನ ಅಕ್ಕ, ಅಮ್ಮನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ನಾಲ್ಕು ಸಲ ಹೋದಾಗಲೂ ಕಚೇರಿಯಲ್ಲಿ ಒಬ್ಬರಾದರೂ ಇದನ್ನು ನೋಡಬಹುದಿತ್ತು.

ಬ್ಯಾಂಕಿಗೆ ಅತ್ತೆಯನ್ನು ಕರೆದುಕೊಂಡು ಹೋಗುವುದು ಇನ್ನೊಂದು ಯಾತ್ರೆ. ನಲವತ್ತು ವರ್ಷ ಹುಣಸೆಹಣ್ಣಿನ ನಾರು ತೆಗೆದು ಬೀಜ ಬಿಡಿಸಿದ ಕೈ; ಬೆರಳಿನ ತುದಿಯಲ್ಲಿ ಗೆರೆಯೇ ಉಳಿದಿಲ್ಲ, ಗಾಜಿನಂತೆ ನುಣುಪು. ಯಂತ್ರಕ್ಕೆ ಅವರು ಯಾರೂ ಅಲ್ಲ. ಈಗ ಪೋಸ್ಟ್‌ಮ್ಯಾನ್ ಮನೆಗೇ ಬರುತ್ತಾನೆ, ಮೊಬೈಲು ಮತ್ತು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಹಿಡಿದು. ಯಾವ ಬ್ಯಾಂಕಿನ ದುಡ್ಡಾದರೂ ಆಧಾರ್ ಮೂಲಕ ಅಲ್ಲೇ ಎಣಿಸಿ ಕೊಡುತ್ತಾನೆ. ಅತ್ತೆಯ ಹೆಬ್ಬೆಟ್ಟು ಹಿಡಿಯುವುದಿಲ್ಲ ಎಂದು ಅವನಿಗೆ ಗೊತ್ತು, ನೇರವಾಗಿ ಎಡಗೈಯ ಉಂಗುರದ ಬೆರಳನ್ನೇ ಕೇಳುತ್ತಾನೆ. ಮೊದಲು ತಲೆಗೆ ಒರೆಸಿಕೊಳ್ಳಲು ಹೇಳುತ್ತಾನೆ, ಕೂದಲಿನ ಎಣ್ಣೆ ಸ್ವಲ್ಪ ತಾಗಲಿ ಎಂದು. ಎರಡನೆಯ ಒತ್ತಿಗೆ ಹಿಡಿಯುತ್ತದೆ. ಎಲ್ಲೂ ಬರೆದಿಲ್ಲದ ವಿದ್ಯೆ ಇದು.

ಮೈದುನನ ವಿಷಯ ಇನ್ನೂ ಮುಗಿದಿಲ್ಲ, ಅದಕ್ಕೇ ಕೊನೆಗೆ ಇಟ್ಟಿದ್ದೆ. ಅದಕ್ಕೆ ಮೊದಲು ಎರಡನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ: ಒಳ್ಳೆಯದಿದೆ, ಫ್ಯಾನ್ ತಿರುಗುತ್ತದೆ, ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ, ಮೇಲ್ವಿಚಾರಕಿ ಮಕ್ಕಳಿಗೆ ಗದರಿಸುವುದಿಲ್ಲ. ಕೂಸಿನ ಮನೆ: ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ತೆರೆದದ್ದು, ಕಲ್ಪನೆ ಚಿನ್ನದಂಥದ್ದು. ನಮ್ಮಲ್ಲಿ ಗೋಡೆಗೆ ಆನೆ, ಜಿರಾಫೆ ಬರೆಸಿ, ಆಟದ ಸಾಮಾನು ತಂದು, ಟೇಪು ಕತ್ತರಿಸಿದರು. ನಾನು ಮೂರು ಸಲ ಹೋದಾಗ ಎರಡು ಸಲ ಬೀಗ. ತೆರೆದಿದ್ದ ದಿನ ನೋಡಿಕೊಳ್ಳುವ ಹೆಂಗಸು ಐದು ಮಕ್ಕಳನ್ನು ಎಷ್ಟು ಚೆನ್ನಾಗಿ ಮಲಗಿಸಿದ್ದಳೆಂದರೆ ಬೀಗದ ಮೇಲೆ ಇನ್ನೂ ಸಿಟ್ಟು ಬಂತು. ಕೂಲಿ ತಡವಾದರೆ ಅವಳೂ ಕಳೆ ಕೀಳಲು ಹೋಗುತ್ತಾಳೆ, ತಪ್ಪೇನು?

ಇನ್ನೊಂದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ನನ್ನಲ್ಲಿ ಹೊಲಿಸುವ ಒಬ್ಬ ಹೆಣ್ಣುಮಗಳು ಒಂದು ದಿನ ಅಳತೆ ಕೊಡುವಾಗ ತೋಳು ಎತ್ತಲಾರದೆ ನಿಂತಳು. ಅಳತೆ ತೆಗೆಯುವವರಿಗೆ ಮೈ ಸುಳ್ಳು ಹೇಳುವುದಿಲ್ಲ. ಅವಳ ಜೊತೆ ತಾಲ್ಲೂಕಿಗೆ ಹೋದೆ. ಒಂದು ಕಡೆ ‘ಗಂಡ ಹೆಂಡತಿ ಅಂದ ಮೇಲೆ ಇದ್ದದ್ದೇ, ಹಿರಿಯರನ್ನು ಕರೆತನ್ನಿ, ರಾಜಿ ಮಾಡೋಣ’ ಎಂದರು. ಅಲ್ಲಿಂದ, ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರಕ್ಕೆ ಹೋದೆವು. ಎರಡು ಕುರ್ಚಿ, ಒಂದು ಬೀರು, ಸಣ್ಣ ಕೋಣೆ. ಅಲ್ಲಿದ್ದ ಆಪ್ತಸಮಾಲೋಚಕಿ ನೀರು ಕೊಟ್ಟು, ಬಾಗಿಲು ಮುಂದೆ ಮಾಡಿ, ಕೇಳಿದ ಮೊದಲ ಪ್ರಶ್ನೆ: ‘ಈ ರಾತ್ರಿ ಎಲ್ಲಿ ಮಲಗುತ್ತೀರಿ?’ ಹೆಸರು, ಜಾತಿ, ಮದುವೆಯಾದ ವರ್ಷ ಎಲ್ಲ ಆಮೇಲೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅವರಿಗೆ ವರದಿ ಹೋದರೆ ಅದು ಮ್ಯಾಜಿಸ್ಟ್ರೇಟರನ್ನು ತಲುಪುತ್ತದೆ, ವಕೀಲರನ್ನು ಕಾನೂನು ಸೇವಾ ಸಮಿತಿ ಕೊಡುತ್ತದೆ, ಹೆಂಗಸಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಎಂದು ಬಿಡಿಸಿ ಹೇಳಿದರು. ರಾತ್ರಿ ಏನಾದರೂ ಆದರೆ 181 ಅಥವಾ 112 ಎಂದು ಅವಳ ಅಂಗೈ ಮೇಲೆ ಬರೆದರು, ಚೀಟಿ ಕೊಟ್ಟರೆ ಗಂಡನಿಗೆ ಸಿಗುತ್ತದೆಂದು. ಮುಂದಿನದು ಅವಳ ಕಥೆ, ನಾನು ಹೇಳುವಂತಿಲ್ಲ. ಆ ಕೋಣೆಗೆ ಮಾತ್ರ ಪೂರ್ತಿ ಅಂಕ. ಬಸ್ ನಿಲ್ದಾಣದಿಂದ ಅಲ್ಲಿಗೆ ದಾರಿ ತೋರಿಸುವ ಒಂದು ಫಲಕವೂ ಇಲ್ಲದ್ದಕ್ಕೆ ಸೊನ್ನೆ.

ಈಗ ಮೈದುನ. ಅವನ ಹತ್ತಿರ ಹಿಂದಿನ ಕಾಲದ ಗುರುತಿನ ಪುಸ್ತಕವಿತ್ತು, ಅಂಚು ಇಲಿ ಕಡಿದದ್ದು. ಅದು ನಡೆಯುವುದಿಲ್ಲ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಬೇಕು ಎಂದರು. ಹೇಳಿದವನು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಅವನಿಗೇ ಒಂದು ಕಾಲು ಪೋಲಿಯೊ. ಹಿಂದೆ ಎರಡು ಗಾಲಿ ಹೆಚ್ಚಿಗೆ ಹಾಕಿದ ಸ್ಕೂಟರಿನಲ್ಲಿ ಬಂದು, ನಮ್ಮ ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಹತ್ತಿ, ಮೈದುನನ ಪಕ್ಕ ನೆಲದ ಮೇಲೆ ಕುಳಿತ. ನನ್ನನ್ನು ಏನೂ ಕೇಳಲಿಲ್ಲ. ‘ಅಣ್ಣಾ, ನಿಮಗೆ ಏನು ಕೆಲಸ ಇಷ್ಟ?’ ಎಂದು ಅವನನ್ನೇ ಕೇಳಿದ. ಮೈದುನ ಬಾಬಿನಿಗೆ ದಾರ ಸುತ್ತಿ ತೋರಿಸಿದ. ನಮ್ಮ ಮನೆಗೆ ಬಂದ ಯಾರೂ ಮೂವತ್ತೈದು ವರ್ಷದಲ್ಲಿ ಆ ಪ್ರಶ್ನೆ ಕೇಳಿರಲಿಲ್ಲ.

ಅರ್ಜಿಯನ್ನು ಅವನೇ ತುಂಬಿದ. ಆಮೇಲೆ ಆಸ್ಪತ್ರೆ. ಕೈಕಾಲಿನ ತೊಂದರೆಯಾದರೆ ನೋಡಿದರೆ ಕಾಣಿಸುತ್ತದೆ, ಬುದ್ಧಿಯದ್ದಕ್ಕೆ ಪರೀಕ್ಷೆ ಬೇಕು. ಸೌಲಭ್ಯ ಸಿಗಬೇಕಾದರೆ ತೊಂದರೆ ಶೇಕಡಾ 40ಕ್ಕೆ ಕಡಿಮೆ ಇಲ್ಲ ಎಂದು ವೈದ್ಯರು ಬರೆಯಬೇಕು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಆದರೆ ಪರೀಕ್ಷೆ ಮಾಡುವವರು ಜಿಲ್ಲೆಯಲ್ಲಿ, 62 ಕಿಲೋಮೀಟರು. ಬಸ್ಸಿನಲ್ಲಿ ನನಗೆ ಶೂನ್ಯ ಟಿಕೆಟ್, ಅವನಿಗೆ ಪೂರ್ತಿ ಟಿಕೆಟ್. ರಿಯಾಯಿತಿ ಪಾಸು ಸಿಗಬೇಕಾದರೆ ಕಾರ್ಡ್ ಬೇಕು, ಕಾರ್ಡ್ ಮಾಡಿಸಲು ಬಸ್ ಹತ್ತಬೇಕು.

ಮೊದಲ ಸಲ ಹೋದಾಗ ಪರೀಕ್ಷೆ ಮಾಡುವವರು ರಜೆ. ಫೋನಿನಲ್ಲಿ ಹೇಳಬಹುದಿತ್ತು ಎಂದೆ. ಯಾರ ಫೋನಿಗೆ ಎಂದು ಕೇಳಿದರು. ಎರಡನೆಯ ಸಲ ಪರೀಕ್ಷೆಯಾಯಿತು. ಮರದ ತುಂಡುಗಳನ್ನು ಹೊಂದಿಸಲು ಕೊಟ್ಟರು, ಚಿತ್ರ ತೋರಿಸಿದರು, ಐದು ರೂಪಾಯಿಗೆ ಮೂರು ರೂಪಾಯಿಯ ಸಾಮಾನು ಕೊಂಡರೆ ಉಳಿದದ್ದೆಷ್ಟು ಎಂದು ಕೇಳಿದರು. ಮೈದುನ ನನ್ನ ಮುಖ ನೋಡಿ, ‘ಅತ್ತಿಗೆ ಇಟ್ಟುಕೊಳ್ಳುತ್ತಾರೆ’ ಎಂದ. ವೈದ್ಯೆ ಪೆನ್ನು ಕೆಳಗಿಟ್ಟು ನಕ್ಕರು, ಅವನೂ ನಕ್ಕ. ಒಳ್ಳೆಯ ಹೆಂಗಸು, ಅವಸರ ಮಾಡಲಿಲ್ಲ. ಹೊರಗೆ ಮಧ್ಯಾಹ್ನ ಎರಡು ಗಂಟೆ, ಬೆಳಿಗ್ಗೆ ಏಳರಿಂದ ಬಂದವರ ಸಾಲು, ಕುಡಿಯುವ ನೀರಿನ ಯಂತ್ರಕ್ಕೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ. ಗಾಲಿಕುರ್ಚಿಯಲ್ಲಿ ಬಂದವರಿಗೆ ಆ ಕೋಣೆ ಮೊದಲ ಮಹಡಿಯಲ್ಲಿ. ಅಂಗವಿಕಲತೆ ಪರೀಕ್ಷಿಸುವ ಕೋಣೆಯನ್ನು ಮೆಟ್ಟಿಲ ಮೇಲೆ ಇಟ್ಟವರ ಪರೀಕ್ಷೆಯನ್ನು ಯಾರು ಮಾಡಬೇಕು?

ಮೂರನೆಯ ಸಲ ಹೋದದ್ದು ಸಹಿ ಉಳಿದುಹೋಗಿದೆ ಎಂದು ಕರೆದದ್ದಕ್ಕೆ. ಸಹಿ ಅವನದಲ್ಲ, ವೈದ್ಯರದು. ಆದರೂ ಅವನನ್ನು ಕರೆತರಬೇಕಂತೆ. ಸಹಿ ಹಾಕುವಾಗ ಅವನ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಈಗ ಅರ್ಜಿ ವಾಪಸ್ಸು ಬಂದಿದೆ, ಫೋಟೊದ ಹಿನ್ನೆಲೆ ಬಿಳಿ ಇಲ್ಲ ಎಂದು. ಪುನರ್ವಸತಿಯವನು ಮೊನ್ನೆ ರಾತ್ರಿ ಫೋನ್ ಮಾಡಿ, ‘ಅಕ್ಕಾ, ಬೇಜಾರಾಗಬೇಡಿ, ಫೋಟೊ ನಾನೇ ಬಂದು ತೆಗೆಯುತ್ತೇನೆ, ಬಿಳಿ ಬಟ್ಟೆ ಒಂದು ಇಟ್ಟಿರಿ’ ಎಂದ.

ಮಗಳ ಮುಖಕ್ಕೆ ಹಿಡಿದ ಪಂಚೆಯನ್ನೇ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಭಾನುವಾರ ಬರುತ್ತಾನಂತೆ. ಮೈದುನ ಆಗಲೇ ಮೂರು ಸಲ ಅಂಗಿ ಬದಲಿಸಿ, ಯಾವುದು ಚೆನ್ನಾಗಿದೆ ಎಂದು ಕೇಳಿ ಹೋದ.